ಸ್ಟೀಲ್ ಬೇಸಿನ್, ದೊಡ್ಡದು – 1

ಬೆಳಗ್ಗೆ ಆರಕ್ಕೇ ನಮ್ಮತ್ತೆ ಬೂದುಗುಂಬಳ ತುರಿದು ಗುಡ್ಡೆ ಹಾಕಿಕೊಂಡಿದ್ದರು. ಅರಳಿನ ಚೀಲ ಬಿಚ್ಚಿಟ್ಟಿದ್ದರು. ಹಸಿಮೆಣಸಿನಕಾಯಿ, ಇಂಗು, ಉಪ್ಪು ರುಬ್ಬಿ ಆಗಿತ್ತು. ಮಹಡಿ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಟ್ಟು ಬಂದಿದ್ದರು. ಇನ್ನು ಸಂಡಿಗೆಗೆ ಕಲಸುವುದೊಂದೇ ಬಾಕಿ. ಅಡಿಗೆಮನೆಯ ಸಜ್ಜಾ ಕಡೆ ತಲೆ ಎತ್ತಿ ನೋಡಿದರು.

"ನನ್ ಬೇಸನ್ ಎಲ್ಲವ್ವಾ?"

ನಾನು ಹಲ್ಲುಜ್ಜುತ್ತಿದ್ದೆ. ಉಜ್ಜುತ್ತಲೇ ಇದ್ದೆ. ಅಷ್ಟು ಚೆನ್ನಾಗಿ ಹಲ್ಲುಜ್ಜಿದ್ದು ಮದುವೆ ದಿನ ಬಿಟ್ಟರೆ ಇವತ್ತೇ.

ಬೇಸಿನ್ನು ಇರುವುದು ಮಂಡ್ಯದಿಂದ 14 ಕಿಲೋಮೀಟರ್ ದೂರದ ನಮ್ಮ ಶಾಲೆಯ ಬೀರುವಿನಲ್ಲಿ. ಬೀರುವಿಗೆ ಬೀಗ, ಕೋಣೆಗೆ ಬೀಗ, ಗೇಟಿಗೆ ಬೀಗ. ಏಪ್ರಿಲ್ 10ರ ಸಂಜೆ ಹಾಕಿದ ಬೀಗ, ಇನ್ನು ತೆಗೆಯುವುದು ಮೇ 29ಕ್ಕೆ. ಬೀಗದ ಮಾತು ಬಿಡಿ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಗೊತ್ತು, ಹೋಗಿ ಇಸ್ಕೊಂಡು ಬರಬಹುದು. ತೊಂದರೆ ಅದಲ್ಲ. ಆ ಬೇಸಿನ್ನು ಈಗ ನಮ್ಮದಲ್ಲ. ಕರ್ನಾಟಕ ಸರ್ಕಾರದ್ದು.

ಇದು ಹೇಗಾಯಿತು ಅಂತ ಅತ್ತೆಗೆ ಹೇಳುವ ಮೊದಲು ನಿಮಗೆ ಹೇಳಿಬಿಡುತ್ತೇನೆ. ಅಭ್ಯಾಸ ಆಗುತ್ತದೆ.

ಶುರುವಾದದ್ದು ನನ್ನ ಬಾಯಿಂದಲೇ. ಮಾರ್ಚ್ ಕೊನೆಯಲ್ಲಿ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ, "ಕೊನೇ ದಿನ ಮಕ್ಕಳಿಗೆ ಏನಾದ್ರೂ ತಿಂಡಿ ಮಾಡೋಣ್ವಾ?" ಅಂತ ಒಂದು ಸಾಲು ಹಾಕಿದೆ. ಸುಮ್ನೆ ಕೇಳಿದ್ದು. ಐದು ನಿಮಿಷದಲ್ಲಿ ನಾಲ್ಕು ಹೆಬ್ಬೆರಳು ಬಂದವು. ಹಿಂದೆಯೇ ಹೆಡ್‌ಮೇಷ್ಟ್ರ ಮೆಸೇಜು: "ತಿಂಡಿಯ ಜವಾಬ್ದಾರಿಯನ್ನು ಸ್ವಇಚ್ಛೆಯಿಂದ ವಹಿಸಿಕೊಂಡ ಮೇಡಂ ಅವರಿಗೆ ಅಭಿನಂದನೆಗಳು." ಸರ್ಕಾರಿ ಶಾಲೆಯಲ್ಲಿ ಪ್ರಶ್ನೆ ಕೇಳಿದವರ ತಲೆಗೇ ಉತ್ತರ ಕಟ್ಟುತ್ತಾರೆ. ಹದಿನಾರು ವರ್ಷ ಸರ್ವಿಸ್ ಆದರೂ ನನಗೆ ಇದು ಸಮಯಕ್ಕೆ ಸರಿಯಾಗಿ ನೆನಪಾಗುವುದಿಲ್ಲ.

ಸಲಹೆಗಳಿಗೇನೂ ಬರವಿಲ್ಲ. ಒಬ್ಬರು ಮೆಣಸಿನಕಾಯಿ ಬಜ್ಜಿ ಅಂದರು. ಏಪ್ರಿಲ್ ಬಿಸಿಲು, ಶೀಟು ಹೊದಿಸಿದ ಅಡಿಗೆಕೋಣೆ, 63 ಮಕ್ಕಳು. ಬಜ್ಜಿಗಿಂತ ಮೊದಲು ನಾನು ಬೆಂದಿರುತ್ತಿದ್ದೆ. ಇನ್ನೊಬ್ಬರು ಮದ್ದೂರು ವಡೆ ತರಿಸಿಬಿಡಿ ಅಂದರು. ಮದ್ದೂರು ವಡೆ ಬೇಡ ಅನ್ನುವ ಪಾಪಿ ನಾನಲ್ಲ. ರವೆ, ಮೈದಾ, ಅಕ್ಕಿಹಿಟ್ಟು, ಕೈತುಂಬ ಈರುಳ್ಳಿ. ರೈಲಿನ ಕಿಟಕಿ ಪಕ್ಕ ಕೂತು ಅದನ್ನು ಮುರಿಯುವಾಗ ಬರುವ ಸದ್ದೇ ಸಾಕು. ಆದರೆ "ಎಪ್ಪತ್ತು ವಡೆಗೆ ದುಡ್ಡು ಯಾರ್ಯಾರು ಎಷ್ಟೆಷ್ಟು ಹಾಕ್ತೀರಿ?" ಅಂತ ಕೇಳಿದ ಮೇಲೆ ಗುಂಪಿನಲ್ಲಿ ಎರಡು ದಿನ ಬರೀ ಶುಭೋದಯ ಬಂತು. ಮೂರನೇ ದಿನ ಒಬ್ಬರು, "ನಾನು ಪೇಪರ್ ತಟ್ಟೆ ತರ್ತೀನಿ" ಅಂದರು. ಅದನ್ನು ನೋಡಿ ಉಳಿದಿಬ್ಬರಿಗೂ ಧೈರ್ಯ ಬಂತು. ಅವರೂ ಪೇಪರ್ ತಟ್ಟೆಯನ್ನೇ ತರುತ್ತೇವೆ ಅಂದರು. ಕೊನೆಗೆ 63 ಮಕ್ಕಳಿಗೆ 300 ತಟ್ಟೆ ಬಂತು. ಅದರ ಮೇಲೆ ಹಾಕುವುದನ್ನು ನಾನು ತರಬೇಕು.

ಹೀಗಾಗಿ ಒಲೆ ಹಚ್ಚದ ತಿಂಡಿಗೆ ಬಂದೆ. ಚುರುಮುರಿ, ಕಲ್ಲಂಗಡಿ, ನೀರುಮಜ್ಜಿಗೆ. ಚುರುಮುರಿ ಬಹಳ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಕಲಸದೇ ಇರುವವರು ಹೇಳುತ್ತಾರೆ. ಕಡ್ಲೆಪುರಿಯನ್ನು ಅರ್ಧ ಗಂಟೆ ಬಿಸಿಲಿಗೆ ಹರಡಿದರೆ ಗರಿಗರಿ ಆಗುತ್ತದೆ, ಅದೊಂದೇ ಪುಕ್ಕಟೆ ಕೆಲಸ. ಆಮೇಲೆ ಕ್ಯಾರೆಟ್, ತೋತಾಪುರಿ ಮಾವಿನಕಾಯಿ ತುರಿಯಬೇಕು. ಈರುಳ್ಳಿ ಹೆಚ್ಚಬೇಕು. ಟೊಮೆಟೊ, ಸೌತೆಕಾಯಿಯ ತಿರುಳು ತೆಗೆದು ಹೆಚ್ಚಬೇಕು, ಇಲ್ಲದಿದ್ದರೆ ನೀರು ಬಿಟ್ಟುಕೊಳ್ಳುತ್ತದೆ. ಕಡ್ಲೆಕಾಯಿ ಬೀಜ ಹುರಿದಿರಬೇಕು, ನಿಪ್ಪಟ್ಟು ಪುಡಿ ಮಾಡಿರಬೇಕು. ಮೊದಲು ಪುರಿಗೆ ಕೊಬ್ಬರಿ ಎಣ್ಣೆ, ಖಾರದಪುಡಿ ಹಾಕಿ ಕೈಯಲ್ಲಿ ಚೆನ್ನಾಗಿ ಹಿಡಿಸಬೇಕು. ನಮ್ಮ ಮೈಸೂರು, ಮಂಡ್ಯ ಕಡೆ ಹಸಿ ಕೊಬ್ಬರಿ ಎಣ್ಣೆಯ ಘಮ ಇಲ್ಲದಿದ್ದರೆ ಅದು ಚುರುಮುರಿಯೇ ಅಲ್ಲ. ತರಕಾರಿ, ಉಪ್ಪು, ನಿಂಬೆರಸ ಕೊನೆಗೆ. ಅಲ್ಲಿಂದ ಐದು ನಿಮಿಷ ಟೈಮು. ಆರನೇ ನಿಮಿಷಕ್ಕೆ ಪುರಿ ಮೆತ್ತಗಾಗಿ ಹಿಂದಿನ ದಿನದ ಉಪ್ಪಿಟ್ಟಿನ ತಂಗಿಯಾಗುತ್ತದೆ. ಈ ಐದು ನಿಮಿಷ ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಇಷ್ಟನ್ನೆಲ್ಲ ಕಲಸಲು ಅಗಲವಾದ ಪಾತ್ರೆ ಬೇಕು. ಬಿಸಿಯೂಟದ ಪಾತ್ರೆಗಳು ಬಾವಿಯಂಥವು, ಕೈ ಹಾಕಿದರೆ ಭುಜದವರೆಗೆ ಒಳಗೆ. ಹಾಗಾಗಿ ಅತ್ತೆಯ ಬೇಸಿನ್ನು.

ಅದು ಸಾಮಾನ್ಯ ಬೇಸಿನ್ನಲ್ಲ. 1991ರಲ್ಲಿ ಮನೆ ಗೃಹಪ್ರವೇಶಕ್ಕೆ ಅತ್ತೆಯ ಅಣ್ಣ ಕೊಟ್ಟದ್ದು. ಅತ್ತೆಯ ಅಣ್ಣನವರು ತಾಂಬೂಲದ ಅಡಿಕೆಯನ್ನೂ ಅರ್ಧ ಮಾಡಿ ಕೊಡುತ್ತಿದ್ದ ಮನುಷ್ಯ. ಅವರು ಜೀವನದಲ್ಲಿ ಕೊಟ್ಟ ಒಂದೇ ಒಂದು ದೊಡ್ಡ ಉಡುಗೊರೆ ಇದು. ಅದು ಯಾರಿಗೂ ಮರೆತುಹೋಗಬಾರದು ಅಂತ ಪಾತ್ರೆ ಅಂಗಡಿಯ ಟಕಟಕ ಮಿಷನ್ನಿನಲ್ಲಿ ತಮ್ಮ ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು ಎಲ್ಲ ಕೊರೆಸಿದ್ದರು. ಬೇಸಿನ್ನಿನ ಕಂಠದ ಸುತ್ತ ಒಂದು ಸುತ್ತು ಬಂದಿದೆ. ಯಾರಿಗೆ ಕೊಟ್ಟದ್ದು ಅನ್ನುವುದಕ್ಕೆ ಜಾಗ ಸಾಲಲಿಲ್ಲ. ಕಥೆಯಲ್ಲಿ ಇದೂ ಬೇಕಾಗುತ್ತದೆ.

ಬಸ್ಸಿನ ಪ್ರಯಾಣ ಒಂದು ಬೇರೆಯೇ ಪುರಾಣ, ಚಿಕ್ಕದಾಗಿ ಹೇಳುತ್ತೇನೆ. 2023ರ ಜೂನ್‌ನಿಂದ ನಮಗೆ ಬಸ್ಸು ಫ್ರೀ. ಆವತ್ತು ನನ್ನ ಜೊತೆ ಇದ್ದದ್ದು ಒಂದು ಚೀಲ ಪುರಿ, ಒಂದು ಕ್ಯಾನು ಮೊಸರು, ಮೂರು ಕಲ್ಲಂಗಡಿ, ಬೇಸಿನ್ನು. ಬೇಸಿನ್ನನ್ನು ಎಲ್ಲಿ ಇಡುವುದು ಅಂತ ಗೊತ್ತಾಗದೆ ಎದೆಗೆ ಆನಿಸಿ ಹಿಡಿದುಕೊಂಡೆ, ಯುದ್ಧಕ್ಕೆ ಹೊರಟವಳ ಹಾಗೆ. ಪುರಿ ಚೀಲವನ್ನು ಪಕ್ಕದ ಸೀಟಿಗೆ ಒರಗಿಸಿದ್ದೆ. ಅದು ಮೆತ್ತಗಿದೆ ಅಂತ ಒಬ್ಬ ಅಜ್ಜಿ ತಲೆ ಇಟ್ಟು ನಿದ್ದೆ ಹೋದರು. ರಸ್ತೆಯ ಪ್ರತಿ ಹಂಪ್‌ಗೂ ಚರಕ್, ಚರಕ್. ಎಬ್ಬಿಸಲು ಮನಸ್ಸು ಬರಲಿಲ್ಲ.

ಇನ್ನು ಕೋಣೆ ಕ್ಲೀನಿಂಗು. ತಿಂಡಿಯ ಜವಾಬ್ದಾರಿ ವಹಿಸಿಕೊಂಡವರಿಗೆ ತಮ್ಮ ಕೋಣೆಯ ಜವಾಬ್ದಾರಿ ತಪ್ಪುವುದಿಲ್ಲ. ನನ್ನದು ನಲಿ-ಕಲಿ ಕೋಣೆ. ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಪಕ್ಕದ ಮೈಸೂರು ಜಿಲ್ಲೆಯ ಎಚ್‌.ಡಿ. ಕೋಟೆಯಲ್ಲಿ. ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೆ ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ಟ ಕಲಿಕಾ ಏಣಿ ಹತ್ತುವುದು. ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ವರ್ಷದ ಕೊನೆಗೆ ಆ ಕಾರ್ಡುಗಳನ್ನು ಎಣಿಸಿ ಜೋಡಿಸಿಡುವ ಒಬ್ಬ ಪ್ರಾಣಿ ಇರುತ್ತದೆ ಅಂತ ಯಾರೂ ಯೋಚಿಸಿರಲಿಕ್ಕಿಲ್ಲ. ಕನ್ನಡದ ಕಾರ್ಡು ಗಣಿತದ ತಟ್ಟೆಯಲ್ಲಿ. ಗಣಿತದ ಕಾರ್ಡು ಯಾರದೋ ಊಟದ ತಟ್ಟೆಯ ಕೆಳಗೆ. ಒಂದು ಕಾರ್ಡು ಕಿಟಕಿಯ ಸಂದಿಯಲ್ಲಿ ಸಿಕ್ಕಿತು, ಗಾಳಿ ಬರದ ಹಾಗೆ ಒತ್ತಿದ್ದರು. ಕಳೆದ ವರ್ಷ ಕಟ್ಟುಗಳಿಗೆ ರಬ್ಬರ್ ಬ್ಯಾಂಡು ಹಾಕಿಟ್ಟಿದ್ದೆ. ಬೇಸಿಗೆಗೆ ಕರಗಿ ಕಾರ್ಡಿಗೇ ಅಂಟಿಕೊಂಡಿತ್ತು. ಈ ಸಲ ಹಳೆಯ ಲಂಗದ ಲಾಡಿಯಲ್ಲಿ ಕಟ್ಟಿದೆ. ಗೆದ್ದಲಿಗೆ ಹೆದರಿ ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ಬೇವಿನ ಸೊಪ್ಪು ತುರುಕಿದೆ. ಚಾಕ್‌ಪೀಸ್ ಡಬ್ಬಿ ತೆಗೆದರೆ ಬೆಳ್ಳಗೆ ಎರಡು ಹಲ್ಲಿ ಮೊಟ್ಟೆ. ಚಾಕ್‌ಪೀಸೇ ಅಂದುಕೊಂಡು ಕೈ ಹಾಕಿದವಳು ಕೂಗಿದ ಕೂಗಿಗೆ ಏಳನೇ ಕ್ಲಾಸಿನವರು ಓಡಿ ಬಂದರು.

ತಲೆ ಮೇಲೆ ಕಟ್ಟಿದ್ದ ಚಪ್ಪರದಿಂದ ಮಕ್ಕಳ ಚಿತ್ರಗಳನ್ನು ಒಂದೊಂದೇ ಬಿಚ್ಚುತ್ತಾ ಬಂದೆ. ಒಂದರಲ್ಲಿ ಎತ್ತಿನ ಗಾಡಿ ತುಂಬ ಕಬ್ಬು, ಕಬ್ಬಿನ ಮೇಲೆ ಕೂತ ಹುಡುಗಿ. ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದವರ ಮಗು ಅದು. ದಸರಾ ಆದ ಮೇಲೆ ಬಂದು, ಸಂಕ್ರಾಂತಿಗೆ ಮುಂಚೆ ಹೊರಟುಹೋಯಿತು. ಮೂರು ತಿಂಗಳಲ್ಲಿ ಕಾಗುಣಿತಕ್ಕೆ ಬಂದಿತ್ತು. ಹೋಗುವ ದಿನ ಯಾರೂ ಹೇಳಲಿಲ್ಲ. ಸೋಮವಾರ ಗದ್ದೆಯ ಪಕ್ಕದ ಗುಡಿಸಲು ಇರಲಿಲ್ಲ, ಅಷ್ಟೆ. ಅವಳ ಸಂಖ್ಯೆಯ ಎದುರು ಏಣಿಯಲ್ಲಿ ಗುರುತು ಅರ್ಧಕ್ಕೇ ನಿಂತಿದೆ. ಚಿತ್ರವನ್ನು ಹರಿದು ಬುಟ್ಟಿಗೆ ಹಾಕಲು ಆಗಲಿಲ್ಲ. ಯಾವ ಕಟ್ಟಿಗೆ ಸೇರಿಸುವುದು ಅಂತಲೂ ತಿಳಿಯಲಿಲ್ಲ. ಮಡಚಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಈಗಲೂ ಅಲ್ಲೇ ಇದೆ, ಬಸ್ಸಿನ ಸೊನ್ನೆ ರೂಪಾಯಿ ಟಿಕೆಟ್ಟುಗಳ ಜೊತೆ.

ಅದನ್ನು ಬ್ಯಾಗಿಗೆ ಹಾಕುವಾಗ ಹಿಂದಿನಿಂದ ದನಿ ಬಂತು. "ಮೇಡಂ, ಅದು ಎಂಟ್ರಿ ಆಗಿದೆಯಾ?"

ಇವರೇ ನಮ್ಮ ದಾಸ್ತಾನು ಸಾರ್. ಪಾಠ ಲೆಕ್ಕದ್ದು, ಪ್ರಾಣ ದಾಸ್ತಾನು ವಹಿಯದ್ದು. ಕೆಂಪು ಬಟ್ಟೆಯ ಬೈಂಡಿನ ಆ ಪುಸ್ತಕ ಸದಾ ಅವರ ಕಂಕುಳಲ್ಲಿ. ಶಾಲೆಯ ಗಡಿಯೊಳಗೆ ಉಸಿರಾಡದ ವಸ್ತು ಯಾವುದು ಕಂಡರೂ ಅವರಿಗೆ ಬರೆಯಬೇಕು. ಬರೆದ ಮೇಲೆ ಅದು ಅಮರ. ನಮ್ಮಲ್ಲಿ ಹಿಡಿಯಿಲ್ಲದ ಒಂದು ಬಕೆಟ್ ಇದೆ. ಆ ಬಕೆಟ್ಟಿನ ಹಿಡಿಯೂ ಇದೆ. ಎರಡೂ ಬೇರೆ ಬೇರೆ ನಂಬರಿನಲ್ಲಿ. ನಾನು ಈ ಶಾಲೆಗೆ ಬಂದಾಗಲೇ ನಿಂತಿದ್ದ ಗೋಡೆ ಗಡಿಯಾರ ಇನ್ನೂ ಗೋಡೆಯ ಮೇಲಿದೆ. ತೆಗೆಯುವ ಹಾಗಿಲ್ಲ, ವಹಿಯಲ್ಲಿ "ಗೋಡೆಯ ಮೇಲೆ" ಅಂತಿದೆ. ಪೊರಕೆ ಸವೆದು ಬರೀ ಕಟ್ಟು ಉಳಿದರೂ ಕಟ್ಟನ್ನು ಎತ್ತಿಡುತ್ತಾರೆ. "ವಜಾ ಮಾಡಲು ಅನುಮತಿ ಬೇಕು ಮೇಡಂ." ಹೀಗೆ ಅನುಮತಿಗೆ ಕಾಯುತ್ತಿರುವ ಸಾಮಾನುಗಳಿಗೇ ನಮ್ಮಲ್ಲಿ ಒಂದು ಕೋಣೆ ಹೋಗಿದೆ. ಆ ಕೋಣೆ ಇದ್ದಿದ್ದರೆ ಐದನೇ ಕ್ಲಾಸು ಜಗಲಿಯಲ್ಲಿ ಕೂರಬೇಕಾಗಿರಲಿಲ್ಲ.

ಬೈಯೋಣ ಅಂದರೆ ಅದೂ ಕಷ್ಟ. ಒಂದು ಚಾಕ್‌ಪೀಸು ಮನೆಗೆ ಒಯ್ದವರಲ್ಲ. ಅವರ ಮಗನೇ ಒಮ್ಮೆ ಶಾಲೆಯ ಪೆನ್ನಿನಲ್ಲಿ ಏನೋ ಗೀಚಿದ್ದಕ್ಕೆ ಹೊಸ ಪೆನ್ನು ತಂದಿಟ್ಟರಂತೆ. ಇಂಥವರ ಮೇಲೆ ಸಿಟ್ಟು ಮಾಡಿಕೊಂಡರೆ ನಮಗೇ ಪಾಪ ಸುತ್ತಿಕೊಳ್ಳುತ್ತದೆ. ಆದರೂ ಬರುತ್ತದೆ, ಏನು ಮಾಡೋದು?

ಏಪ್ರಿಲ್ 10. ಬೆಳಗ್ಗೆ ಫಲಿತಾಂಶ ಹೇಳುವ ದಿನ, ಅಪ್ಪ ಅಮ್ಮಂದಿರು ಬಂದಿದ್ದರು. ಪ್ರಗತಿಪತ್ರ ಕೊಟ್ಟಾಯಿತು. ಹನ್ನೊಂದು ಗಂಟೆಗೆ ಹೆಡ್‌ಮೇಷ್ಟ್ರು ಸನ್ನೆ ಮಾಡಿದರು: ಶುರು ಮಾಡಿ. ನಾನು ಸೆರಗು ಸಿಕ್ಕಿಸಿ ಎಣ್ಣೆ, ಖಾರ ಹಿಡಿಸಿದೆ, ತರಕಾರಿ ಸುರಿದೆ, ಉಪ್ಪು ಉದುರಿಸಿದೆ, ಎಂಟು ನಿಂಬೆಹಣ್ಣು ಹಿಂಡಿದೆ. ಘಮ್ಮಂತು. ಮಕ್ಕಳ ಸಾಲು ಒಂದು ಹೆಜ್ಜೆ ಮುಂದೆ ಬಂತು. ಆಗ ಹೆಡ್‌ಮೇಷ್ಟ್ರು ಮೈಕಿಗೆ ಒಂದು ತಟ್ಟು ತಟ್ಟಿ, "ತಿಂಡಿಗೆ ಮುಂಚೆ ಎರಡೇ ಎರಡು ಮಾತು" ಅಂದರು.

ಮೊದಲನೇ ಮಾತು ಶಿಸ್ತಿನ ಬಗ್ಗೆ, ಹದಿನೇಳು ನಿಮಿಷ. ನಾನು ಪುರಿಯನ್ನೇ ನೋಡುತ್ತಿದ್ದೆ. ಮೇಲಿದ್ದದ್ದು ಕೆಳಗೆ ಕೂತಿತು. ಒಂದು ಪುರಿ ನನ್ನ ಕಣ್ಣೆದುರೇ ಸುಕ್ಕಾಯಿತು. ಎರಡನೇ ಮಾತು ರಜೆಯಲ್ಲಿ ಕೆರೆ, ನಾಲೆಗೆ ಈಜಲು ಹೋಗಬಾರದು ಅನ್ನುವುದು. ಅದು ಬೇಕಾದದ್ದೇ, ವಿಶ್ವೇಶ್ವರಯ್ಯ ನಾಲೆ ನಮ್ಮೂರ ಪಕ್ಕದಲ್ಲೇ ಹರಿಯುತ್ತದೆ. ಆದರೆ ನಾಲೆಯಿಂದ ಅವರು ಕನ್ನಂಬಾಡಿ ಕಟ್ಟೆಗೆ ಹೋದರು. 1911ರಲ್ಲಿ ಕೆಲಸ ಶುರುವಾಯಿತು ಅಂದರು. 1932ಕ್ಕೆ ಕಟ್ಟೆ ಮುಗಿಯುವ ಹೊತ್ತಿಗೆ ನನ್ನ ಚುರುಮುರಿಯೂ ಮುಗಿದಿತ್ತು. ಮೂರನೇ ಕ್ಲಾಸಿನ ಹುಡುಗನೊಬ್ಬ ಹತ್ತಿರ ಬಂದು ಬೇಸಿನ್ನಿನೊಳಗೆ ಇಣುಕಿ ಮೆಲ್ಲಗೆ ಕೇಳಿದ. "ಮಿಸ್, ಇದು ಚಿತ್ರಾನ್ನವಾ?"

ತಿಂದರು, ಬಿಡಿ. ಎರಡೆರಡು ಸಲ ಹಾಕಿಸಿಕೊಂಡರು. ಮಕ್ಕಳು ದೊಡ್ಡವರ ಹಾಗಲ್ಲ. ಕಲ್ಲಂಗಡಿ ಬೀಜ ಯಾರು ಎಷ್ಟು ದೂರ ಉಗುಳುತ್ತಾರೆ ಅಂತ ಪಂದ್ಯ ನಡೆಯಿತು. ಮಜ್ಜಿಗೆ ಕೊಟ್ಟ ಐದು ನಿಮಿಷಕ್ಕೆ ಕ್ಯಾನು ಖಾಲಿ.

ಅಡಿಗೆ ಅಕ್ಕ ಬೇಸಿನ್ನು ತೊಳೆದು ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದ್ದರು. ನನಗೆ ಮೂರೂವರೆ ಬಸ್ಸು. ತಪ್ಪಿದರೆ ಐದೂಮುಕ್ಕಾಲು. ಕೋಣೆಗೆ ಬೀಗ ಹಾಕಿ, ಸಹಿ ಹಾಕಿ, ಓಡಿದೆ. ಬಸ್ಸಿನಲ್ಲಿ ಕೂತ ಮೇಲೆ ಕೈ ತುಂಬ ಹಗುರ ಅನ್ನಿಸಿತು. ವರ್ಷ ಮುಗಿದದ್ದಕ್ಕೆ ಹೀಗೆ ಅನ್ನಿಸುತ್ತಿರಬೇಕು ಅಂದುಕೊಂಡೆ.

ಅದೇ ಹೊತ್ತಿಗೆ ದಾಸ್ತಾನು ಸಾರ್ ಬಿಸಿಯೂಟದ ಪಾತ್ರೆ ಎಣಿಸುತ್ತಿದ್ದರು.

ಇವತ್ತು ಬೆಳಗ್ಗೆ ಬಚ್ಚಲಿಂದಲೇ ಫೋನು ಮಾಡಿದೆ.

"ಸಾರ್, ನಮ್ಮ ಬೇಸಿನ್ ಅಲ್ಲೇ ಉಳಿದುಬಿಟ್ಟಿದೆ."

"ಗೊತ್ತು ಮೇಡಂ. ಭದ್ರವಾಗಿದೆ. ಬರ್ಕೊಂಡಿದ್ದೀನಿ."

"ಏನಂತ?"

ಹಾಳೆ ತಿರುವಿದ ಸದ್ದು. ವಹಿಯನ್ನು ರಜೆಗೆ ಮನೆಗೇ ಕರೆದುಕೊಂಡು ಹೋಗಿದ್ದಾರೆ! "ಸ್ಟೀಲ್ ಬೇಸಿನ್, ದೊಡ್ಡದು, ಒಂದು. ಸ್ಥಿತಿ ಉತ್ತಮ. ದಾನಿಗಳು, ಶ್ರೀ…" ಅಂತ ಅತ್ತೆಯ ಅಣ್ಣನ ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು ಪೂರ್ತಿ ಓದಿದರು.

"ಸಾರ್, ಅವರು ದಾನ ಮಾಡಿಲ್ಲ. ತೀರಿಕೊಂಡು ಹನ್ನೆರಡು ವರ್ಷ ಆಯ್ತು."

"ಅಯ್ಯೋ, ಹೌದಾ? ಹಾಗಾದ್ರೆ 'ದಿವಂಗತ' ಅಂತ ಸೇರಿಸ್ತೀನಿ ಮೇಡಂ. ಒಳ್ಳೇದಾಯ್ತು ನೀವು ಹೇಳಿದ್ದು."

"ಸೇರಿಸೋದಲ್ಲ ಸಾರ್, ತೆಗೀರಿ! ಅದು ನಮ್ಮನೇದು. ಚುರುಮುರಿ ಕಲಸೋಕೆ ತಂದಿದ್ದು."

"ಹಾಗಂತ ಬೇಸಿನ್ ಮೇಲೆ ಬರ್ದಿಲ್ಲವಲ್ಲ ಮೇಡಂ."

ಇದಕ್ಕೆ ಏನು ಹೇಳುತ್ತೀರಿ? ನನಗೂ ತಿಳಿಯಲಿಲ್ಲ. ಹೊಡೆದುಹಾಕಿ ಸಾರ್ ಅಂದೆ. ಕೆಳಗೆ ಒಟ್ಟು ಹಾಕಿ ಆಗಿದೆ ಅಂದರು. ಒಟ್ಟನ್ನೂ ತಿದ್ದಿ ಅಂದೆ. ಒಟ್ಟಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಾಗಿದೆ, ಗೆರೆಯ ಕೆಳಗೆ ಹೆಡ್‌ಮೇಷ್ಟ್ರ ಸಹಿ ಆಗಿದೆ, ತಿದ್ದಿದರೆ ಆಡಿಟ್‌ನಲ್ಲಿ ಕೇಳುತ್ತಾರೆ ಅಂದರು. ಮತ್ತೇನು ದಾರಿ? ನಾನು ಒಂದು ಅರ್ಜಿ ಬರೆಯಬೇಕು. ಬೇಸಿನ್ನು ನಮ್ಮದು ಅನ್ನುವುದಕ್ಕೆ ದಾಖಲೆ ಇಟ್ಟು, ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯ ಮುಂದೆ ತರಬೇಕು. ಸಭೆ ಜೂನ್‌ನಲ್ಲಿ. "ಬೇಕಾದ್ರೆ ಆ ಸಭೆಯಲ್ಲೇ ದಾನಿಗಳ ಮನೆಯವರಿಗೆ ಒಂದು ಶಾಲು ಹೊದಿಸೋಣ ಮೇಡಂ" ಅಂತ ಸೇರಿಸಿದರು. ಆ ಮನುಷ್ಯ ಇದನ್ನು ವ್ಯಂಗ್ಯಕ್ಕೆ ಹೇಳಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆ.

ಇನ್ನು ಉಜ್ಜಲು ಹಲ್ಲು ಉಳಿದಿರಲಿಲ್ಲ. ಹೊರಗೆ ಬಂದೆ. ಇದ್ದದ್ದು ಇದ್ದ ಹಾಗೆ ಅತ್ತೆಗೆ ಹೇಳಿದೆ. ಅತ್ತೆ ಕುಂಬಳದ ತುರಿಯ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕೂತರು.

"ಸರ್ಕಾರಿ ಪುಸ್ತಕ್ದಲ್ಲಿ ಬರ್ದವ್ರಾ?"

"ಊಂ."

"ನಮ್ಮಣ್ಣನ ಹೆಸ್ರ?"

"ಶ್ರೀ ಅಂತ ಸೇರಿಸಿ ಬರೆದಿದ್ದಾರೆ ಅತ್ತೆ. ಊರು, ತಾಲ್ಲೂಕು ಎಲ್ಲ ಇದೆ."

ಅತ್ತೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು, ಬೆವರಿಗೋ ಯಾತಕ್ಕೋ. ಕೈ ತೊಳೆದು ಬಂದು ಅತ್ತಿಗೆಗೆ ಫೋನು ಹಚ್ಚಿದರು. ನಂತರ ತಂಗಿಗೆ. ನಂತರ ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯವರಿಗೆ. ಒಬ್ಬೊಬ್ಬರಿಗೆ ಹೇಳುವಾಗಲೂ ಬೇಸಿನ್ನು ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಿತ್ತು. ಕೊನೆಯ ಫೋನಿನ ಹೊತ್ತಿಗೆ ಅಣ್ಣ ಇಸ್ಕೂಲಿಗೆ ಪಾತ್ರೆಪಡಗವೆಲ್ಲ ಕೊಟ್ಟಿದ್ದ.

ಈ ಕಡೆ ಕುಂಬಳ ನೀರು ಬಿಡುತ್ತಿತ್ತು. ಕುಕ್ಕರು, ಇಡ್ಲಿ ಪಾತ್ರೆ, ಎರಡು ಬೋಗುಣಿಗೆ ಪಾಲು ಮಾಡಿಕೊಂಡು ನಾನೇ ಕಲಸಿದೆ. ಒಂದಕ್ಕೆ ಖಾರ ಎರಡು ಸಲ ಬಿತ್ತು, ಒಂದಕ್ಕೆ ಬೀಳಲೇ ಇಲ್ಲ. ಯಾವುದಕ್ಕೆ ಅಂತ ಮಳೆಗಾಲದಲ್ಲಿ ಕರಿದಾಗ ಗೊತ್ತಾಗುತ್ತದೆ. ಮಹಡಿಯಲ್ಲಿ ಕೊನೆಯ ಸಾಲು ಇಡುತ್ತಿರುವಾಗ ಅತ್ತೆ ಮೆಟ್ಟಿಲ ಹತ್ತಿರ ನಿಂತು ಕೂಗಿದರು.

"ಸಾಯಂಕಾಲ ಪೇಟೆ ಬೀದಿಗೋಗಿ ಅಂತದೇ ಇನ್ನೊಂದು ಬೇಸನ್ ತಕ್ಕಂಡ್ ಬಾ."

"ಆಯ್ತು ಅತ್ತೆ."

"ಹೆಸ್ರು ಮಾತ್ರ ಕೊರಸ್ಬ್ಯಾಡ ಕನವ್ವ."